ಕೆಂಪು-ನೀಲಿ ಬೆರೆಸಿದರೂ ನೇರಳೆ ಬಾರದೇಕೆ?

ಮಾನ್ಯ ಸಂಪಾದಕರೇ,

ಕೆಂಪಿಗೆ ನೀಲಿ ಸೇರಿಸಿದರೆ ನೇರಳೆ ಎಂದು ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಮಕ್ಕಳು ಬೆರೆಸಿದಾಗ ಬರುವುದು ಮಾತ್ರ ಕೆಸರಿನಂಥ ಕಂದು. ಪೋಸ್ಟರ್ ಬಣ್ಣದ ಪೆಟ್ಟಿಗೆಯ ಸ್ಕಾರ್ಲೆಟ್, ವರ್ಮಿಲಿಯನ್ ಕೆಂಪುಗಳು ಹಳದಿಯ ಕಡೆ ವಾಲಿರುತ್ತವೆ, ಪ್ರಷ್ಯನ್ ನೀಲಿ ಹಸಿರಿನ ಕಡೆ. ಹೀಗಾಗಿ ಎರಡೇ ಡಬ್ಬಿ ತೆರೆದರೂ ಕೆಂಪು, ಹಳದಿ, ನೀಲಿ ಎಂಬ ಮೂರು ಮೂಲವರ್ಣಗಳೂ ಸೇರಿ ಬಣ್ಣ ಮಂಕಾಗುತ್ತದೆ. ನೀಲಿಯ ಕಡೆ ವಾಲುವ ಕ್ರಿಮ್ಸನ್ ಕೆಂಪಿನ ಜೊತೆ ಕೆಂಪಿನ ಕಡೆ ವಾಲುವ ಅಲ್ಟ್ರಾಮರೀನ್ ನೀಲಿ ಬಳಸಿದರೆ ನೇರಳೆ ಚೊಕ್ಕವಾಗಿ ಬರುತ್ತದೆ. ತೀರಾ ಕಪ್ಪಾಗಿ ಕಂಡರೆ ತುಸು ಬಿಳಿ ಸೇರಿಸಿ ನೋಡಿ, ನೇರಳೆ ಎದ್ದು ಕಾಣುತ್ತದೆ.

ಹಸಿರಿಗೆ ಲೆಮನ್ ಹಳದಿ ಮತ್ತು ಅದೇ ಪ್ರಷ್ಯನ್ ನೀಲಿ ಸರಿಯಾದ ಜೋಡಿ. ಮೊದಲು ಹಳದಿ ಹಾಕಿಕೊಂಡು ನೀಲಿಯನ್ನು ಕುಂಚದ ತುದಿಯಲ್ಲಷ್ಟೇ ಮುಟ್ಟಿಸಬೇಕು. ನೀಲಿಗೆ ಹಳದಿ ಸುರಿಯಹೊರಟರೆ ಡಬ್ಬಿ ಖಾಲಿಯಾದರೂ ಎಲೆಹಸಿರು ಸಿಗದು.

ಮುಳ್ಳಯ್ಯನಗಿರಿಯ ಕಾಡನ್ನೋ ಕಾಫಿ ತೋಟದ ನೆರಳನ್ನೋ ಬರೆಯುವಾಗ ಹಸಿರಿಗೆ ಕಪ್ಪು ಸುರಿಯುವ ಚಾಳಿ ನಮ್ಮಲ್ಲಿದೆ. ಬಣ್ಣ ಸತ್ತೇ ಹೋಗುತ್ತದೆ. ವರ್ಣಚಕ್ರದಲ್ಲಿ (ಬಣ್ಣಗಳನ್ನು ದುಂಡಗೆ ಜೋಡಿಸಿದ ಚಿತ್ರ) ಹಸಿರಿನ ಎದುರಿಗಿರುವ ಕೆಂಪನ್ನು ಚಿಟಿಕೆಯಷ್ಟು ಬೆರೆಸಿದರೆ ಸಾಕು. (ಹಳದಿಗೆ ಕಪ್ಪು ಬೆರೆಸಿದರೆ ಪಾಚಿಹಸಿರು ಬರುತ್ತದೆ, ಅದು ಬೇರೆ ಮಾತು.)

ಟಿವಿ ಪರದೆಯಲ್ಲಿ ಕೆಂಪು, ಹಸಿರು ಬೆಳಕು ಸೇರಿ ಹಳದಿಯಾಗುತ್ತದೆ. ಬಣ್ಣದ ಪುಡಿಗೆ ಆ ಲೆಕ್ಕ ಹೊಂದದು. ಪತ್ರಿಕೆಯ ಬಣ್ಣದ ಪುಟವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಯಾನ್ (ಹಸಿರು ಛಾಯೆಯ ನೀಲಿ), ಮಜೆಂಟಾ (ನೇರಳೆ ಛಾಯೆಯ ಕೆಂಪು), ಹಳದಿ, ಕಪ್ಪು ಚುಕ್ಕಿಗಳಷ್ಟೇ ಕಾಣುತ್ತವೆ.

ಪ್ರತಿಭಾ ಕಾರಂಜಿಗೆ ಬಣ್ಣ ಕೊಳ್ಳುವ ಶಾಲೆಗಳು ಹನ್ನೆರಡು ಬಣ್ಣದ ಪೆಟ್ಟಿಗೆಯ ಬದಲು ಎರಡು ಕೆಂಪು, ಎರಡು ಹಳದಿ, ಎರಡು ನೀಲಿ ಮತ್ತು ದೊಡ್ಡ ಡಬ್ಬಿ ಬಿಳಿ ತರಿಸಲಿ.

– ಚಿತ್ರಕಲಾ ಶಿಕ್ಷಕರು, ಚಿಕ್ಕಮಗಳೂರು