ಮಂಜೇಶ್ವರದ ಶಾಸಕರಿಗೆ ಬಹಿರಂಗ ಪತ್ರ: ವಿಜ್ಞಾನ ಕಲಿಸಲು ಕನ್ನಡ ಬಂದರಷ್ಟೇ ಸಾಕಾ?

ಮಾನ್ಯ ಶಾಸಕರೆ,

ನಮಸ್ಕಾರ. ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಗೊತ್ತಿಲ್ಲದ ಅಧ್ಯಾಪಕರನ್ನು ನೇಮಿಸಿದಾಗಲೆಲ್ಲ ನಾವು ಗಲಾಟೆ ಮಾಡುತ್ತೇವೆ. ಮಕ್ಕಳು ಧರಣಿ ಕೂರುತ್ತಾರೆ, ರಕ್ಷಕರು ಮನವಿ ಕೊಡುತ್ತಾರೆ, ವಿಷಯ ಕೋರ್ಟಿಗೂ ಹೋಗುತ್ತದೆ. ಆ ಗಲಾಟೆ ಬೇಕೇ ಬೇಕು. ಆದರೆ ಕನ್ನಡ ಬರುವವರು ಸಿಕ್ಕಿದ ಮರುದಿನ ಎಲ್ಲರೂ ಮನೆಗೆ ಹೋಗುತ್ತೇವೆ. ಆಮೇಲೆ ಕ್ಲಾಸಿನಲ್ಲಿ ಏನು ನಡೆಯುತ್ತದೆ ಎಂದು ಕೇಳುವವರಿಲ್ಲ. ವಿಜ್ಞಾನದ ಮಟ್ಟಿಗೆ ನನ್ನ ತಕರಾರು ಇರುವುದು ಅಲ್ಲಿ.

ನಾನು ಪೆರ್ಲದ ಕಡೆಯ ಅಡಿಕೆ ಕೃಷಿಕ. ಮಗಳು ಕನ್ನಡ ಮೀಡಿಯಂ ಹೈಸ್ಕೂಲಿಗೆ ಹೋಗುತ್ತಾಳೆ. ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು, ಎಂದರೆ ಯಾವ ಲೋಹ ಹೆಚ್ಚು ಚುರುಕು ಎಂಬ ಪಟ್ಟಿಯನ್ನು, ಪೊಟಾಶಿಯಂನಿಂದ ಚಿನ್ನದವರೆಗೆ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಕಬ್ಬಿಣ ತಾಮ್ರಕ್ಕಿಂತ ಮೇಲೆ ಯಾಕೆ ಎಂದರೆ, ‘ಪುಸ್ತಕದಲ್ಲಿ ಹಾಗೇ ಉಂಟು’ ಎನ್ನುತ್ತಾಳೆ. ಅದೇ ಹುಡುಗಿ ಕೊಳೆರೋಗಕ್ಕೆ ಮದ್ದು ಬಿಡುವಾಗ ಬೋರ್ಡೋ ದ್ರಾವಣ ಕಲಸಲು ನನ್ನ ಜತೆ ನಿಲ್ಲುವವಳು. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಹದ ಬಂತಾ ಎಂದು ನೋಡಲು ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದುತ್ತೇವೆ. ಅಲಗು ಕೆಂಪಾದರೆ ಸುಣ್ಣ ಸಾಲದು. ಆ ಕೆಂಪು ತಾಮ್ರವೇ. ಕಬ್ಬಿಣ ತಾನು ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ತಳ್ಳಿದೆ. ಸುಣ್ಣ ಸಾಕಷ್ಟಿದ್ದರೆ ಹಾಗೆ ತಳ್ಳಿಸಿಕೊಳ್ಳುವ ತಾಮ್ರದ ಅಯಾನುಗಳು ದ್ರಾವಣದಲ್ಲಿ ಉಳಿಯುವುದಿಲ್ಲ, ಕತ್ತಿ ಹಾಗೇ ಇರುತ್ತದೆ. ಕ್ಲಾಸಿನಲ್ಲಿ ಒಪ್ಪಿಸುವುದೂ ತೋಟದಲ್ಲಿ ಮಾಡುವುದೂ ಒಂದೇ ಎಂದು ಅವಳಿಗೆ ಯಾರೂ ಹೇಳಿಲ್ಲ.

ಅಧ್ಯಾಪಕರನ್ನು ದೂರಿ ಪ್ರಯೋಜನವಿಲ್ಲ. ಬಿ.ಎಡ್. ಮುಗಿಸಿ, ಕೆ-ಟೆಟ್ ಅರ್ಹತಾ ಪರೀಕ್ಷೆ ದಾಟಿ, ಪಿ.ಎಸ್.ಸಿ. ನೇಮಕಾತಿ ಪಟ್ಟಿಯಲ್ಲಿ ಕಾದು ಬಂದವರಿಗೆ ವಿಷಯ ಗೊತ್ತಿರುತ್ತದೆ. ಮಗುವಿನ ಮಾತು ಕೇಳಿಸಿಕೊಂಡು ಅದರಿಂದ ಪಾಠ ಕಟ್ಟುವುದು ಬೇರೆಯೇ ವಿದ್ಯೆ. ಒಂದು ಮಗು ತುಳುವಿನಲ್ಲಿ ‘ಕತ್ತಿಗ್ ಕೆಂಪು ಪತ್ತುಂಡು’ ಅನ್ನುತ್ತದೆ. ‘ಕನ್ನಡದಲ್ಲಿ ಹೇಳು’ ಎಂದು ಗದರಿದರೆ ಅದು ಮತ್ತೆ ಬಾಯಿ ಬಿಡುವುದಿಲ್ಲ. ‘ಭೇಷ್’ ಎಂದು ಅಲ್ಲಿಗೇ ಬಿಟ್ಟರೂ ಅರ್ಧ ಕೆಲಸ. ಕೆಂಪು ಎಲ್ಲಿಂದ ಬಂತು, ಬೆಳ್ಳಿ ಉಂಗುರ ಅದ್ದಿದರೂ ಹೀಗಾದೀತಾ, ಸಮೀಕರಣ ಬರೆ ನೋಡುವಾ ಎಂದು ಮುಂದಕ್ಕೆ ಕರೆದೊಯ್ಯಬೇಕು. ಊರಿನ ಉದಾಹರಣೆ ಕೊಟ್ಟು ಪಾಠ ಸುಲಭ ಮಾಡಿ ಎಂದು ನಾನು ಕೇಳುತ್ತಿಲ್ಲ. ಕಷ್ಟದ ಪ್ರಶ್ನೆ ಎಲ್ಲ ಮಕ್ಕಳನ್ನೂ ಮುಟ್ಟಬೇಕು.

ಎಲ್ಲ ಮಕ್ಕಳು ಎಂದೆ. ಉಪ್ಪಳ, ಶಿರಿಯದ ಕಡಲ ಬದಿಯ ಮಗುವಿಗೆ, ಕೊರಗರ ಕಾಲನಿಯ ಮಗುವಿಗೆ ನನ್ನ ಮದ್ದಿನ ಡ್ರಮ್ಮು ಏನೂ ಅಲ್ಲ. ತೋಟದವರ ಮಕ್ಕಳೇ ಮಾತಾಡಿ ಮುಗಿಸಿದರೆ ಅದೂ ಪಂಕ್ತಿಭೇದವೇ. ಉಪ್ಪು ಗಾಳಿಗೆ ಕಿಟಕಿ ಸರಳು ಬೇಗ ತುಕ್ಕು ಹಿಡಿಯುವುದನ್ನು ಕಡಲ ಬದಿಯ ಮಗು ದಿನಾ ನೋಡುತ್ತದೆ. ಅದಕ್ಕೆ ಅಲ್ಲಿಂದ ಶುರು ಮಾಡಲಿ. ಯಾವ ಬೆಂಚು ಮಾತಾಡುತ್ತಿದೆ, ಯಾವುದು ಸುಮ್ನೆ ಕೂತಿದೆ ಎಂದು ಗಮನಿಸುವುದನ್ನೂ ಅಧ್ಯಾಪಕರಿಗೆ ಅಭ್ಯಾಸ ಮಾಡಿಸಬೇಕಾಗುತ್ತದೆ.

ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮ ಎಣ್ಮಕಜೆ ಪಂಚಾಯತಿನ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಕೀಟನಾಶಕದ ಪಾಠ ಬರುವಾಗ ಎದುರಿನ ಬೆಂಚಿನ ಮಗುವಿನ ಮನೆಯಲ್ಲಿ ಹಾಸಿಗೆ ಹಿಡಿದ ಅಣ್ಣ ಇರಬಹುದು. ಆ ಪಾಠವನ್ನು ಹಾರಿಸದೆ, ಭಾಷಣವನ್ನೂ ಮಾಡದೆ, ಪುರಾವೆ ಏನು, ಅದನ್ನು ಅಳೆಯುವುದು ಹೇಗೆ ಎಂದು ನಡೆಸಲು ಎಷ್ಟು ತಯಾರಿ ಬೇಕು! ಒಂಟಿಯಾಗಿ ಬಿಟ್ಟರೆ ಅಧ್ಯಾಪಕರು ಪುಟ ಮಗುಚುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

2024 ಮತ್ತು 2025ರಲ್ಲಿ ಒಂದರಿಂದ ಹತ್ತರವರೆಗಿನ ಪಠ್ಯಪುಸ್ತಕ ಎರಡು ಕಂತಿನಲ್ಲಿ ಬದಲಾಯಿತು. ತಿರುವನಂತಪುರದ ಮಾಡ್ಯೂಲನ್ನು ಕನ್ನಡಕ್ಕೆ ತಂದು ಓದಿ ಹೇಳಿದರೆ ಅದು ತರಬೇತಿಯಾಗುವುದಿಲ್ಲ. ಬೇಸಗೆ ರಜೆಯಲ್ಲಿ ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್)ಯಲ್ಲಿ ಕನ್ನಡ ಮಾಧ್ಯಮದ ವಿಜ್ಞಾನ ಅಧ್ಯಾಪಕರಿಗೇ ಪ್ರತ್ಯೇಕ ತಂಡ ಮಾಡಿಸಿ. ಒಬ್ಬರು ನಿಜವಾದ ಮಕ್ಕಳಿಗೆ ಪಾಠ ಮಾಡಲಿ, ಉಳಿದವರು ಮಕ್ಕಳು ಏನೆಂದರು ಎಂದು ಬರೆದುಕೊಳ್ಳಲಿ, ಮಧ್ಯಾಹ್ನ ಕೂತು ಚರ್ಚಿಸಲಿ. ಜೂನ್ ನಂತರ ಅನುಭವಸ್ಥ ಅಧ್ಯಾಪಕರು ಹೊಸಬರ ಕ್ಲಾಸಿಗೆ ಆಗಾಗ ಹೋಗಿ ಕೂರಲಿ. ತಪಾಸಣೆಯ ರಿಜಿಸ್ಟರ್ ಮಾತ್ರ ಬೇಡ. ಕುಡ್ಲಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ವಿಜ್ಞಾನಿಗಳ ಜತೆ ಈ ಅಧ್ಯಾಪಕರು ಒಂದೆರಡು ದಿನ ಕಳೆದರೆ ಯಾರಿಗೆ ನಷ್ಟ?

ಲ್ಯಾಬಿನ ಕಪಾಟಿಗೆ ನಿಮ್ಮ ನಿಧಿಯಿಂದ ದುಡ್ಡು ಸಿಗಬಹುದು. ತರಬೇತಿಯ ವಿಷಯ ಸರಕಾರದ್ದು. ಮುಂದಿನ ಅಧಿವೇಶನದಲ್ಲಿ ಇದರ ಮೇಲೊಂದು ಸಬ್ಮಿಷನ್ (ಸಚಿವರ ಉತ್ತರ ಕೇಳುವ ಪ್ರಸ್ತಾಪ) ಮಂಡಿಸಿ. ಸಚಿವರ ಉತ್ತರ ಏನೇ ಇರಲಿ, ಕನ್ನಡ ಪತ್ರಿಕೆಗಳಿಗೂ ಕೊಡಿ. ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಓದುತ್ತೇವೆ.

ಇತಿ,
ಪೆರ್ಲದ ಒಬ್ಬ ರಕ್ಷಕ