ಒಂಟಿ ಚಪ್ಪಲಿಗಳ ಋಣ

ಕಳೆದ ಭಾನುವಾರ ಬೆಳಗಿನ ಆರು ಗಂಟೆಗೆ, ಹನ್ನೊಂದು ತಿಂಗಳ ನಂತರ, ನಮ್ಮ ಹರಿಗೋಲು ಮತ್ತೆ ಹಾರಂಗಿಯ ಹಿನ್ನೀರಿಗೆ ಇಳಿಯಿತು. ಈ ಸುದ್ದಿ ಊರಿನವರಿಗೆ ಹೊಸದಲ್ಲ, ಏಕೆಂದರೆ ಅದನ್ನು ಹೊತ್ತು ತಂದು ನೀರಿಗಿಟ್ಟವರು ಅವರೇ. ಆದರೂ ಬರೆಯಲು ಕುಳಿತಿದ್ದೇನೆ. ಎದುರು ನಿಂತು ಉಪಕಾರ ಸ್ಮರಿಸಹೊರಟರೆ 'ಅದೇನು ಮಹಾ' ಎಂದು ಮಾತು ತಿರುಗಿಸಿ, ನಮ್ಮ ನಾಯಿಮರಿಗೆ ನಾಲ್ಕು ಬೈಗುಳ ಬೈದು, ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಎದ್ದುಹೋಗುವುದು ನಮ್ಮವರ ರೂಢಿ. ಬರಹದ ನಡುವೆ ಹಾಗೆ ಎದ್ದುಹೋಗಲು ಬರುವುದಿಲ್ಲವೆಂಬ ನಂಬಿಕೆಯಿಂದ ಈ ದಾರಿ ಹಿಡಿದಿದ್ದೇನೆ.

ಮೂವತ್ತು ವರ್ಷ ಈ ಭಾಗದ ಮನೆಮನೆಗೆ ಟಪಾಲು ಹಂಚಿದವನು ನಾನು. ಆ ಕಾರಣಕ್ಕೆ ಊರಿನಲ್ಲಿ ನನ್ನ ಹೆಸರು ಮರೆತುಹೋಗಿ 'ಪೋಸ್ಟಣ್ಣ' ಎಂಬುದೇ ಉಳಿದಿದೆ. ನಿವೃತ್ತಿಯ ನಂತರ ಪರವಾನಗಿ ಪಡೆದು ಹಿನ್ನೀರಿನಲ್ಲಿ ಬಲೆ ಬಿಡುವುದನ್ನು ರೂಢಿಸಿಕೊಂಡೆ. ಸಂಜೆ ಬಲೆ ಕಟ್ಟಿ ಬಂದು, ನಸುಕಿನಲ್ಲಿ ಎತ್ತಿ, ಸಿಕ್ಕ ಕಾಟ್ಲಾ, ರೋಹು, ಗೆಂಡೆ, ಜಿಲೇಬಿ ಮೀನುಗಳನ್ನು ಒಂಬತ್ತು ಗಂಟೆಯೊಳಗೆ ಕುಶಾಲನಗರಕ್ಕೆ ಮುಟ್ಟಿಸಿದರೆ ಆ ದಿನದ ಕೆಲಸ ಮುಗಿಯುತ್ತಿತ್ತು. ಅದರಿಂದ ಬರುವ ಹಣ ಹೆಚ್ಚೇನಲ್ಲ. ಆದರೆ ಮಗಳ ಕಾಲೇಜಿನ ಖರ್ಚು ಅದರಲ್ಲೇ ನಡೆಯುತ್ತಿತ್ತೆಂಬುದನ್ನು ಮರೆಮಾಚುವುದಿಲ್ಲ.

ಕಳೆದ ಜೂನ್ ಮೊದಲ ವಾರ, ಮುಂಗಾರು ಹಿಡಿಯುವ ಮುನ್ನ ಹರಿಗೋಲನ್ನು ಮೇಲೆ ತಂದಿಡಬೇಕೆಂದು ಹೊರಟೆ. ಹಾರಂಗಿ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡದ್ದು. ಅದರ ನೀರಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,859 ಅಡಿ. ತುಂಬಿದಾಗ ನೀರು ನಮ್ಮ ಕಾಫಿ ಗಿಡಗಳ ಬೇಲಿಯವರೆಗೂ ಬಂದು ನಿಲ್ಲುತ್ತದೆ. ಬೇಸಿಗೆ ಕಳೆಯುವ ಹೊತ್ತಿಗೆ ಅದೇ ನೀರು ಬಹುದೂರ ಹಿಂದೆ ಸರಿದು, ಅಣೆಕಟ್ಟು ಕಟ್ಟುವ ಮೊದಲು ಅಲ್ಲಿದ್ದ ಮರಗಳ ಬೊಡ್ಡೆಗಳು ಕೆಸರಿನಿಂದ ತಲೆ ಎತ್ತುತ್ತವೆ. ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತವನಿಗೆ ಕಾಣುವುದು ತನ್ನ ಎರಡು ಪಾದಗಳು ಮಾತ್ರ. ನನಗೆ ಅವೂ ಸರಿಯಾಗಿ ಕಾಣಲಿಲ್ಲವೆಂದು ತೋರುತ್ತದೆ. ಜಾರಿ ಬೊಡ್ಡೆಯೊಂದರ ಮೇಲೆ ಬಿದ್ದೆ. ನನ್ನ ತೊಡೆಯ ಮೂಳೆಯೂ ಹರಿಗೋಲಿನ ಬಿದಿರೂ ಒಟ್ಟಿಗೆ ಮುರಿದವು.

ಆ ಹೊತ್ತಿಗೆ ದಡದಲ್ಲಿದ್ದವರು ದುಬಾರೆಯಲ್ಲಿ ರ‍್ಯಾಫ್ಟಿಂಗ್ ಕೆಲಸ ಮಾಡುವ, ಅಂದು ರಜೆಯ ಮೇಲೆ ಮನೆಗೆ ಬಂದಿದ್ದ ಇಬ್ಬರು ಹುಡುಗರು. ಅವರು ನನ್ನನ್ನು ಗಡಿಬಿಡಿಯಿಂದ ಎತ್ತಿ ಕೂರಿಸಲಿಲ್ಲ. ಹರಿಗೋಲಿನ ಹುಟ್ಟನ್ನೇ ಕಾಲಿನ ಪಕ್ಕಕ್ಕಿಟ್ಟು, ಸೊಂಟದಿಂದ ಹಿಮ್ಮಡಿಯವರೆಗೆ ಟವೆಲ್ ಸೀಳಿ ಕಟ್ಟಿ, ಕಾಲು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಜೀಪಿಗೆ ಸಾಗಿಸಿದರು. ಮೈಸೂರಿನ ಆಸ್ಪತ್ರೆಯ ವೈದ್ಯರು ಆ ಹುಟ್ಟನ್ನು ಬಿಚ್ಚಿಸುತ್ತಾ, ಕಟ್ಟಿದವರು ಯಾರೆಂದು ಎರಡು ಸಲ ಕೇಳಿದರು. ಹುಡುಗರಿಗೆ ನಾನು ಇದನ್ನು ಆಗಲೇ ತಿಳಿಸಬೇಕಿತ್ತು, ಈಗ ತಿಳಿಸುತ್ತಿದ್ದೇನೆ.

ತೊಡೆಗೆ ಸರಳು ಹಾಕಿಸಿಕೊಂಡು ಮನೆಗೆ ಮರಳಿದಾಗ ಜುಲೈ. ಮಳೆ ಹೊಡೆಯುತ್ತಿತ್ತು, ನಾನು ಪಡಸಾಲೆಯ ಮಂಚದ ಮೇಲೆ ಮಲಗಿ ಹೆಂಚು ಎಣಿಸುತ್ತಿದ್ದೆ. ಆಗ ಜಂಬೂರಿನಿಂದ ನನ್ನ ಹಳೆಯ ಸ್ನೇಹಿತರೊಬ್ಬರು ಬಂದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಕ್ಕಂದೂರಿನ ಕಡೆ ಮನೆ, ತೋಟ ಎರಡನ್ನೂ ಕಳೆದುಕೊಂಡು, ಕೆಲಕಾಲ ಪರಿಹಾರ ಕೇಂದ್ರದಲ್ಲಿದ್ದು, ನಂತರ ಜಂಬೂರಿನ ಹೊಸ ಬಡಾವಣೆಯಲ್ಲಿ ನೆಲೆಸಿದವರು ಅವರು. ಕೊಡೆಯ ಕೆಳಗಿನಿಂದ ಒಂದು ಗೋಣಿಚೀಲ ತೆಗೆದು ನನ್ನ ಹೊಟ್ಟೆಯ ಮೇಲೆ ಮಗುಚಿದರು. ಕಂದು ಬಣ್ಣದ, ಬಿಳಿ ಕಾಲುಗಳ, ಹಸಿ ಮಣ್ಣಿನ ವಾಸನೆಯ ನಾಯಿಮರಿಯೊಂದು ಹೊರಬಿದ್ದು ನನ್ನ ಅಂಗಿಯ ಗುಂಡಿಯನ್ನು ಕಚ್ಚಿತು. ನಾನು ಬೇಡವೆಂದೆ. 'ಕೇಂದ್ರಕ್ಕೆ ನೀವು ಕಂಬಳಿ ತಂದಾಗ ನಾನು ಬೇಡ ಅಂದೆನಾ ಪೋಸ್ಟಣ್ಣ? ತಗೊಳ್ಳೋದೂ ಒಂದು ಕಷ್ಟವೇ, ಗೊತ್ತು. ಇಟ್ಕೊಳ್ಳಿ' ಎಂದರು. ಕಂಬಳಿಗೂ ಈ ಮರಿಗೂ ಹೋಲಿಕೆಯೇ ಇಲ್ಲ. ಕಂಬಳಿ ಯಾರ ಚಪ್ಪಲಿಯನ್ನೂ ಕದಿಯುವುದಿಲ್ಲ.

ಮೂಲೆಯಲ್ಲಿ ಸುತ್ತಿಟ್ಟಿದ್ದ ಬಲೆಯನ್ನು ಅದು ಎರಡನೆಯ ದಿನವೇ ಪತ್ತೆಹಚ್ಚಿತು. ನಾನು ಮಂಚದಿಂದ ಕೂಗುತ್ತಿರುವಾಗಲೇ ಬಲೆಯ ಮೇಲಂಚಿನ ಬೆಂಡುಗಳನ್ನು ಒಂದೊಂದಾಗಿ ಕಿತ್ತು ಅಗಿದು, ಜೊತೆಗೆ ಮೂರು ನಾಲ್ಕು ಕಡೆ ಕೈ ತೂರುವಷ್ಟು ದೊಡ್ಡ ತೂತು ಮಾಡಿತು. ಮಗಳು ಅದಕ್ಕೆ 'ಬೆಂಡು' ಎಂದೇ ಹೆಸರಿಟ್ಟಳು. ಬಲೆಗೆ ಹಿಡಿದ ಚಟ ಬೇಗ ಬಿಟ್ಟಿತು, ಏಕೆಂದರೆ ಅದಕ್ಕೆ ಚಪ್ಪಲಿಗಳ ರುಚಿ ಹತ್ತಿತು. ಪ್ರತಿದಿನ ಬೆಳಿಗ್ಗೆ ಊರು ಸುತ್ತಿ ಯಾವುದಾದರೂ ಜಗಲಿಯಿಂದ ಒಂದೇ ಒಂದು ಚಪ್ಪಲಿಯನ್ನು ಕಚ್ಚಿಕೊಂಡು ಬಂದು ನನ್ನ ಮಂಚದ ಕೆಳಗೆ ಇಡುತ್ತಿತ್ತು. ಜೋಡಿಯಾಗಿ ತಂದದ್ದು ಒಮ್ಮೆಯೂ ಇಲ್ಲ.

ಮೊದಲು ದೂರು ಹೊತ್ತು ಬಂದವರು ಮೇಲಿನ ಮನೆಯ ಅಜ್ಜಿ. 'ನಿನ್ನ ಮರಿ ಇವತ್ತು ಬೆಳಿಗ್ಗೆ ನನ್ನ ಚಪ್ಪಲಿ ಎತ್ಕೊಂಡು ಬಂತು ಮಗಾ' ಎಂದು ಗದರಿಸಿ, ಚಪ್ಪಲಿ ಹಾಕಿಕೊಂಡು, ಸೆರಗಿನ ಮರೆಯಲ್ಲಿದ್ದ ಪಾತ್ರೆಯನ್ನು ಅಡುಗೆಮನೆಯಲ್ಲಿಟ್ಟು ಹೋದರು. ಪಾತ್ರೆಯಲ್ಲಿದ್ದದ್ದು ಕಣಿಲೆಯ ಪಲ್ಯ. ಎಳೆಬಿದಿರನ್ನು ಕತ್ತರಿಸಿದ ಕೂಡಲೇ ಬೇಯಿಸುವಂತಿಲ್ಲವೆಂದು ಇಲ್ಲಿಯವರಿಗೆಲ್ಲ ಗೊತ್ತು. ಅದರ ನಂಜು ಹೋಗುವಂತೆ ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಹಾಕಬೇಕು. ಚಪ್ಪಲಿ ಹೋದದ್ದು ಆ ದಿನ ಬೆಳಿಗ್ಗೆ, ಕಣಿಲೆ ನೀರಿಗೆ ಬಿದ್ದದ್ದು ಅದಕ್ಕೂ ಮೂರು ದಿನ ಮೊದಲು. ಮಲಗಿದ್ದವನಿಗೆ ಲೆಕ್ಕ ಹಾಕಲು ಬೇಕಾದಷ್ಟು ಸಮಯವಿತ್ತು. ಅಜ್ಜಿ, ನೀವು ಅಂದು ಚಪ್ಪಲಿಗಾಗಿ ಬರಲಿಲ್ಲ.

ಅನಂತರ ಬಂದವರೆಲ್ಲರೂ ಇದೇ ಹಾದಿ ಹಿಡಿದರು. ಮೀನಿನ ಕಸುಬಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಕೆಳಗಿನ ಮನೆಯ ಕಾಕ, ಎಡಗಾಲಿನ ಚಪ್ಪಲಿ ಕೇಳಲು ಬಂದವರು ಹರಿದ ಬಲೆಯನ್ನು ಕಂಡು, ಅಷ್ಟು ಒಳ್ಳೆಯ ಬಲೆಯನ್ನು ಮರಿಯ ಬಾಯಿಗೆ ಬಿಟ್ಟೆನೆಂದು ನನ್ನನ್ನೇ ಬೈದು, ಮರುದಿನ ನೂಲು ಮತ್ತು ಬಲೆ ಹೆಣೆಯುವ ಸೂಜಿ ತಂದರು. ಹೊಸ ಗಂಟು ಹಳೆಯ ಕಣ್ಣಿನ ಅಳತೆಗೆ ಸರಿಹೊಂದಬೇಕು. ಕಣ್ಣು ಕಿರಿದಾದರೆ ಮರಿಮೀನು ಸಿಕ್ಕಿಬೀಳುತ್ತದೆ, ದೊಡ್ಡದಾದರೆ ಬೆಳೆದದ್ದೂ ನುಸುಳಿಹೋಗುತ್ತದೆ. ಬಿದಿರಿನ ಚಿಕ್ಕ ಪಟ್ಟಿಯೊಂದನ್ನು ಅಳತೆಗಿಟ್ಟುಕೊಂಡು ಅವರು ಹನ್ನೆರಡು ಸಂಜೆ ಗಂಟು ಹಾಕಿದರು. ಪ್ರತಿ ಸಂಜೆಯೂ 'ಚಪ್ಪಲಿ ಮತ್ತೆ ಹೋಯ್ತು' ಎಂದೇ ಒಳಗೆ ಬರುತ್ತಿದ್ದರು. ಕೊನೆಯ ಮೂರು ದಿನ ಬೆಂಡುವನ್ನು ನಾವು ಕಟ್ಟಿಯೇ ಹಾಕಿದ್ದೆವು.

ಆಗಸ್ಟ್ 3, ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು, ತೋಟದ ಮನೆಯಿಂದ ಮದ್ದುಸೊಪ್ಪಿನ ಪಾಯಸ ಬಂತು. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣ ಸೇರಿರುತ್ತದೆಂಬುದು ಕೊಡಗಿನ ನಂಬಿಕೆ. ಮುರಿದ ಮೂಳೆಗೂ ಒಳ್ಳೆಯದೆಂದು ಒಂದು ಲೋಟ ಹೆಚ್ಚೇ ಕಳಿಸಿದ್ದರು. ನಾನು ಪಾತ್ರೆಯನ್ನು ಕೆಳಗಿಟ್ಟು ಮಂಪರಿಗೆ ಜಾರಿದಾಗ ಉಳಿದದ್ದನ್ನೆಲ್ಲ ಬೆಂಡು ನೆಕ್ಕಿ ಮುಗಿಸಿತು. ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಕೆಂಪು ನೀರು ಕಂಡ ನನ್ನ ಮನೆಯವರು ಮರಿ ರಕ್ತ ಮಾಡುತ್ತಿದೆಯೆಂದು ಗಾಬರಿಯಿಂದ ಪಶುವೈದ್ಯರಿಗೆ ಫೋನ್ ಮಾಡಿದರು. ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: 'ನಿನ್ನೆ ಕಕ್ಕಡ ಹದಿನೆಂಟಲ್ವಾ ಅಮ್ಮ?' ಮದ್ದು ತಿಂದ ಮನುಷ್ಯರ ಮೂತ್ರಕ್ಕೂ ಮರುದಿನ ಅದೇ ಬಣ್ಣವೆಂಬುದು, ನಲವತ್ತು ಕಕ್ಕಡ ಕಂಡ ನಮಗೆ, ಆ ಕ್ಷಣಕ್ಕೆ ಹೊಳೆದೇ ಇರಲಿಲ್ಲ.

ಆ ಪಶುವೈದ್ಯರಿಗೆ ಇನ್ನೊಂದು ದೊಡ್ಡ ಋಣವಿದೆ. ಡಿಸೆಂಬರ್‌ನಲ್ಲಿ, ನಾನು ಊರುಗೋಲಿನ ಮೇಲೆ ಅಂಗಳದವರೆಗೆ ನಡೆಯತೊಡಗಿದ್ದಾಗ, ಮಗಳು ಗಾಳಕ್ಕೆ ಸಿಕ್ಕಿಸಿಟ್ಟಿದ್ದ ರಾಗಿಹಿಟ್ಟಿನ ಉಂಡೆಯನ್ನು ಬೆಂಡು ನುಂಗಲು ಹೋಗಿ ಕೊಕ್ಕೆ ಕೆಳದುಟಿಗೆ ನೆಟ್ಟಿತು. ಮಗಳು ಎಳೆದು ತೆಗೆಯಲು ಹೊರಟಿದ್ದಳು. ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಮುಳ್ಳು ಮೀನು ಜಾರದಂತೆ ಹಿಡಿಯಲೆಂದೇ ಇರುವುದರಿಂದ ಬಂದ ದಾರಿಯಲ್ಲಿ ಎಳೆದರೆ ಮಾಂಸ ಹರಿಯುತ್ತದೆ. ಸಂಜೆ ಆರು ಗಂಟೆಗೆ ಬಾಗಿಲು ಹಾಕುತ್ತಿದ್ದ ಸರ್ಕಾರಿ ಪಶು ಆಸ್ಪತ್ರೆಯನ್ನು ಮತ್ತೆ ತೆರೆಸಿ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ವೈದ್ಯರು ಕೊಕ್ಕೆಯನ್ನು ಮುಂದಕ್ಕೇ ತಳ್ಳಿ ತುದಿ ಹೊರಬಂದ ಮೇಲೆ ಮುಳ್ಳನ್ನು ಇಕ್ಕಳದಿಂದ ಕತ್ತರಿಸಿ, ಉಳಿದ ಕಂಬಿಯನ್ನು ಸಲೀಸಾಗಿ ಹಿಂದಕ್ಕೆ ಜಾರಿಸಿದರು. ಹುಚ್ಚುನಾಯಿ ರೋಗದ ಲಸಿಕೆಯ ಚೀಟಿ ಇದೆಯೇ ಎಂದು ಕೇಳಿ, ಇಲ್ಲವೆಂದಾಗ ನನ್ನನ್ನು ಗದರಿಸಿ ದಿನ ಗೊತ್ತುಮಾಡಿದರು. ಗದರಿಕೆಗೂ ಸೇರಿಸಿ ಧನ್ಯವಾದ.

ಕಾಲು ಕೂಡಿತು, ಆದರೆ ಹರಿಗೋಲು ಕೂಡುವಂತಿರಲಿಲ್ಲ. ತೋಟದ ಸಾಹುಕಾರರು ತಮ್ಮ ಬೇಲಿಯ ಬಿದಿರು ಕಡಿಯಲು ಹೇಳಿ, 'ಬೇಲಿ ದಟ್ಟವಾಗಿತ್ತು, ಹೇಗೂ ತೆಗೀಬೇಕಿತ್ತು' ಎಂದರು. (ಆ ಬೇಲಿಯ ಮುಂದೆ ಮೂವತ್ತು ವರ್ಷ ಸೈಕಲ್ ನಿಲ್ಲಿಸಿದ್ದೇನೆ; ಅದು ಎಂದೂ ದಟ್ಟವಾಗಿರಲಿಲ್ಲ.) ಹೆಣೆಯಲು ಬಲ್ಲ ಹಿರಿಯರಿಬ್ಬರು ಬಿದಿರನ್ನು ಸೀಳಿ, ದೊಡ್ಡ ಬುಟ್ಟಿಯಂತೆ ತಳ ಹೆಣೆದು, ಅಂಚಿಗೆ ದಪ್ಪ ಬಳೆ ಕಟ್ಟಿದರು. ಹಿಂದಿನವರು ಅದರ ಮೇಲೆ ಚರ್ಮ ಹೊದಿಸುತ್ತಿದ್ದರಂತೆ. ನಾವು ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದೆವು. ಡಾಂಬರು ಒಣಗುವ ಮುನ್ನ ಬೆಂಡು ಅದರ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಅಲ್ಲಿಂದ ಹೊಸದಾಗಿ ಸುಣ್ಣ ಬಳಿದಿದ್ದ ಜಗಲಿಗೆ ಹೋಯಿತು. ಅದರ ನಾಲ್ಕು ಪಾದಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜುವಷ್ಟರಲ್ಲಿ ಇಡೀ ಮಧ್ಯಾಹ್ನ ಕಳೆಯಿತು. ಹರಿಗೋಲಿನ ತಳದಲ್ಲಿ ಆ ಹೆಜ್ಜೆಗುರುತುಗಳು ಹಾಗೆಯೇ ಇವೆ, ನೀರಿನೊಳಗಿನ ಮೀನುಗಳಿಗೆ ಕಾಣುವಂತೆ.

ಭಾನುವಾರದ ವಿಷಯಕ್ಕೆ ಬರುತ್ತೇನೆ. ಹಿಂದಿನ ಸಂಜೆ ಬಲೆ ಕಟ್ಟಿ ಬಂದವರು ಕಾಕ. ನಸುಕಿನಲ್ಲಿ ಹುಟ್ಟು ಹಾಕಿದವರೂ ಅವರೇ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟನ್ನು ತನ್ನ ಮುಂದೆ ನೀರಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುತ್ತಾ ಹೋಗದಿದ್ದರೆ ಅದು ಇದ್ದಲ್ಲೇ ಬುಗುರಿಯಂತೆ ತಿರುಗುತ್ತದೆ. ನಾನು ಎದುರು ಬದಿಯಲ್ಲಿ ಕಾಲು ಚಾಚಿ ಕುಳಿತಿದ್ದೆ, ಬೆಂಡು ನನ್ನ ಮೊಣಕಾಲುಗಳ ನಡುವೆ. ಬಲೆ ಎತ್ತಿದಾಗ ಎರಡು ಗೆಂಡೆ, ಮೂರು ಕಿಲೋ ತೂಗಬಹುದಾದ ಒಂದು ಕಾಟ್ಲಾ, ಕೆಲವು ಜಿಲೇಬಿ. ಕೊನೆಯಲ್ಲಿ, ಮೊಳದಷ್ಟು ಉದ್ದದ ಒಂದು ಬಿಳಿಮೀನು.

ಹೊರಗಿನವರು ಮಾಶೀರ್ ಎನ್ನುವುದು ಈ ಬಿಳಿಮೀನಿಗೇ. ಕಾವೇರಿಯ ಗೂನುಬೆನ್ನಿನ ದೊಡ್ಡ ಮಾಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾದದ್ದೇ 2018ರಲ್ಲಿ, ಮತ್ತು ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು ಎಂದು ಮಗಳು ಓದಿ ಹೇಳಿದ್ದಳು. ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆ ಮಾಶೀರ್ ಮರಿ ಮಾಡುವ ಕೇಂದ್ರವನ್ನೇ ಇಟ್ಟಿದೆ. ನಮಗೆ ಸಿಕ್ಕಿದ್ದರ ಬೆನ್ನು ಗೂನಾಗಿತ್ತೇ, ರೆಕ್ಕೆ ಕಿತ್ತಳೆಯೋ ನೀಲಿಯೋ ಎಂದು ನೋಡಲು ಬೆಳಕು ಸಾಲದಾಗಿತ್ತು. ಯಾವುದೇ ಆದರೂ ಬಿಡುವುದೇ ನಮ್ಮ ಪದ್ಧತಿ. ಕಾಕ ಬಲೆಯ ಕಣ್ಣನ್ನು ಬಿಡಿಸಿ, ಎರಡು ಅಂಗೈಗಳ ನಡುವೆ ಅದನ್ನು ನೀರಿನಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದು ಕೈ ಸಡಿಲಿಸಿದರು. ಮೀನು ಹೋಯಿತು. ಅದರ ಹಿಂದೆಯೇ ಬೆಂಡು ಹಾರಿತು.

ಹರಿಗೋಲು ಆ ಬದಿಗೆ ವಾಲಿತು. ನಾನು ಎದ್ದು, ಎದುರು ಅಂಚಿನ ಮೇಲೆ ಬಲಗಾಲನ್ನು ಊರಿ ಭಾರ ಹಾಕಿದೆ. ಮರಿ ಒಮ್ಮೆ ಮುಳುಗಿ, ಹೆಸರಿಗೆ ತಕ್ಕಂತೆ ಮೇಲೆದ್ದು, ಮೂಗು ಮಾತ್ರ ಹೊರಗಿಟ್ಟು ತೇಲತೊಡಗಿತು. ಕಾಕ ಕತ್ತಿನ ಚರ್ಮ ಹಿಡಿದು ಒಳಗೆಳೆದುಕೊಂಡರು. ಬಳಿಕ ಅವರು ನನ್ನ ಕಾಲನ್ನೇ ನೋಡುತ್ತಿದ್ದುದರಿಂದ ನಾನೂ ನೋಡಿಕೊಂಡೆ. ಹನ್ನೊಂದು ತಿಂಗಳು ಊರಲು ಹೆದರಿದ್ದ ಕಾಲು ಅದು. 'ನಿಂತಿದೀರಲ್ಲ ಪೋಸ್ಟಣ್ಣ' ಎಂದು ಹೇಳಿ ಕಾಕ ದಡದ ಕಡೆ ಹುಟ್ಟು ಹಾಕಿದರು.

ಕಾಟ್ಲಾವನ್ನು ಮಾರಲಿಲ್ಲ. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕಿದ ಸಾರು, ಅಕ್ಕಿರೊಟ್ಟಿ. ಬಂದವರೆಲ್ಲ ಉಂಡರು, ಬರಲಾಗದ ಅಜ್ಜಿಗೆ ಮಗಳು ಕೊಂಡೊಯ್ದಳು. ಆಗಲೂ ಕೃತಜ್ಞತೆಯ ಮಾತೆತ್ತಿದೆ, ಆಗಲೂ ಯಾರೂ ಕೇಳಿಸಿಕೊಳ್ಳಲಿಲ್ಲ. ಹುಡುಗರಿಬ್ಬರು, ಅಜ್ಜಿ, ಕಾಕ, ವೈದ್ಯರು, ಹೆಣೆದ ಹಿರಿಯರು, ತೋಟದ ಮನೆಯವರು, ಜಂಬೂರಿನ ಸ್ನೇಹಿತರು ಇದನ್ನಾದರೂ ಪೂರ್ತಿ ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ ಒಂದು ವಿನಂತಿ. ನನ್ನ ಜಗಲಿಯಲ್ಲಿ ಇನ್ನೂ ನಾಲ್ಕು ಒಂಟಿ ಚಪ್ಪಲಿಗಳಿವೆ: ನೀಲಿ ಪಟ್ಟಿಯ ಹವಾಯಿ ಒಂದು, ಹಿಮ್ಮಡಿ ಸವೆದ ಕಂದು ಬಣ್ಣದ್ದೊಂದು, ಮಗುವಿನದೊಂದು, ಮಳೆಗಾಲದ ಗಮ್‌ಬೂಟು ಒಂದು. ಮೂವತ್ತು ವರ್ಷ ನಿಮ್ಮ ಹೊಸ್ತಿಲ ಮುಂದೆ ನಿಂತು ಕಾಗದ ಕೊಟ್ಟವನಿಗೆ ಇವು ಯಾರ ಮನೆಯವೆಂದು ಚೆನ್ನಾಗಿ ಗೊತ್ತಿದೆ, ಕಾಲೂ ಈಗ ನಡೆಯುತ್ತದೆ. ಆದರೂ ತಂದುಕೊಡುವುದಿಲ್ಲ. ನೀವೇ ಬಂದು ಕೇಳಬೇಕು, ಮತ್ತು ಈ ಸಲ ಕಾಫಿಯನ್ನು ಪೂರ್ತಿ ಕುಡಿದೇ ಏಳಬೇಕು.