ವೆಂಟಿಲೇಟರ್ ಕಳಚಿದ ಮೇಲೆ ಕೈಕಾಲಿನ ಹೊಣೆ ಯಾರದು?

ಮಂಡ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಕೋವಿಡ್ ಅಲೆಗಳಲ್ಲಿ ಜಿಲ್ಲೆಗೆ ಎಷ್ಟು ವೆಂಟಿಲೇಟರ್ ಬಂತು, ಎಷ್ಟು ಆಮ್ಲಜನಕದ ಹಾಸಿಗೆ ಸಿದ್ಧವಾಯಿತು ಎಂಬ ಲೆಕ್ಕ ತಮ್ಮ ಕಚೇರಿಯಲ್ಲಿ ಇದ್ದೇ ಇರುತ್ತದೆ. ವೆಂಟಿಲೇಟರ್ ಕಳಚಿ ಬದುಕಿ ಬಂದವರಲ್ಲಿ ಎಷ್ಟು ಮಂದಿ ಮನೆಗೆ ಹೋಗುವ ದಿನ ತಾವಾಗಿ ಎದ್ದು ನಿಂತರು ಎಂದು ಒಮ್ಮೆ ಕೇಳಿ ನೋಡಿ. ಉತ್ತರ ಸಿಗುವುದು ಕಷ್ಟ, ಏಕೆಂದರೆ ಡಿಸ್ಚಾರ್ಜ್ ಕಾರ್ಡಿನಲ್ಲಿ ಅದನ್ನು ಬರೆಯುವ ಜಾಗವೇ ಇಲ್ಲ.

ಕೋವಿಡ್ ಮುಗಿದ ಕಥೆ, ಈಗೇಕೆ ಈ ಮಾತು ಎಂದು ತಮಗೆ ಅನ್ನಿಸಬಹುದು. ಐಸಿಯುನಲ್ಲಿ ಕೈಕಾಲಿನ ಬಲ ಸೋಲುವ ತೊಂದರೆಯನ್ನು ತೀವ್ರ ಕೋವಿಡ್ ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿತು, ಅಷ್ಟೇ. ರಕ್ತಕ್ಕೆ ನಂಜೇರಿದವರು, ಕೀಟನಾಶಕ ಕುಡಿದು ವಾರಗಟ್ಟಲೆ ವೆಂಟಿಲೇಟರಿನಲ್ಲಿ ಇದ್ದವರು, ನ್ಯುಮೋನಿಯಾದವರು ಇದೇ ಐಸಿಯು ಹಾಸಿಗೆಗಳಲ್ಲಿ ಇಂದಿಗೂ ಮಲಗಿದ್ದಾರೆ. ಅವರ ನರ, ಸ್ನಾಯುಗಳೂ ಇದೇ ರೀತಿ ಸೋಲುತ್ತವೆ.

ಐಸಿಯುನಲ್ಲಿ ದೇಹವಿಡೀ ಉರಿಯೂತ ಹಬ್ಬಿದಾಗ ನರಗಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಕೆಡುತ್ತವೆ, ನರದ ಎಳೆಗಳು ಒಳಗಿಂದಲೇ ಸೊರಗುತ್ತವೆ. ಇನ್ನೊಂದು ಕಡೆ ಸ್ನಾಯು ತನ್ನದೇ ಪ್ರೋಟೀನನ್ನು ಕರಗಿಸಿಕೊಳ್ಳುತ್ತದೆ. ತೊಡೆಯ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಐಸಿಯು ಸೇರಿದ ಹತ್ತೇ ದಿನದಲ್ಲಿ ಸ್ನಾಯುವಿನ ಗಾತ್ರ ಸರಾಸರಿ ಶೇ 17ಕ್ಕಿಂತ ಹೆಚ್ಚು ಇಳಿದಿತ್ತು. ಕೋವಿಡ್‌ನಲ್ಲಿ ಇದರ ಮೇಲೆ ಇನ್ನಷ್ಟು ಹೊರೆ ಬಿತ್ತು: ಗಾಢ ನಿದ್ರೆಯ ಔಷಧ, ಸ್ನಾಯು ಸಡಿಲಿಸುವ ಔಷಧದ ಡ್ರಿಪ್, ಸ್ಟೀರಾಯ್ಡ್, ಅದರಿಂದ ಏರಿದ ಸಕ್ಕರೆ. ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ ಎಂಬುದು 2020ರ ಪ್ರಯೋಗದಲ್ಲಿ ಜೀವ ಉಳಿಸಿದ ಪ್ರಮಾಣ. ಕೊಟ್ಟದ್ದು ತಪ್ಪಲ್ಲ. ಅದಕ್ಕಿಂತ ಹೆಚ್ಚು ಪ್ರಮಾಣ, ಅದಕ್ಕಿಂತ ಹೆಚ್ಚು ದಿನ ಎಳೆದರೆ ಬೆಲೆ ತೆರುವುದು ಸ್ನಾಯು.

ಈ ದೌರ್ಬಲ್ಯವನ್ನು ಗುರುತಿಸಲು ಯಂತ್ರ ಬೇಡ. ರೋಗಿ ಎಚ್ಚರವಾಗಿದ್ದಾರೆಯೇ ಎಂದು ಮೊದಲು ಐದು ಮಾತಿನಲ್ಲಿ ನೋಡಬೇಕು: ಕಣ್ಣು ತೆರೆದು ಮುಚ್ಚಿ, ನನ್ನನ್ನು ನೋಡಿ, ನಾಲಿಗೆ ಹೊರಹಾಕಿ, ತಲೆಯಾಡಿಸಿ, ಹುಬ್ಬೇರಿಸಿ. ಇಷ್ಟು ಮಾಡಿದರೆ ಪರೀಕ್ಷೆಗೆ ಸಿದ್ಧರು. ಆಮೇಲೆ ಭುಜ ಎತ್ತುವುದು, ಮೊಣಕೈ ಮಡಚುವುದು, ಮಣಿಕಟ್ಟು ಮೇಲಕ್ಕೆತ್ತುವುದು, ತೊಡೆ ಎತ್ತುವುದು, ಮೊಣಕಾಲು ಚಾಚುವುದು, ಪಾದ ಮೇಲಕ್ಕೆಳೆಯುವುದು, ಈ ಆರನ್ನೂ ಎಡಕ್ಕೂ ಬಲಕ್ಕೂ ನೋಡಬೇಕು. ಅಲುಗದಿದ್ದರೆ 0, ಸ್ನಾಯು ಮಿಸುಕಿದರಷ್ಟೇ 1, ಹಾಸಿಗೆಗೆ ಆನಿಸಿಕೊಂಡು ಸರಿದರೆ 2, ಕೈಕಾಲಿನ ಸ್ವಂತ ಭಾರದ ವಿರುದ್ಧ ಎತ್ತಿದರೆ 3, ನಮ್ಮ ಕೈಯ ಒತ್ತಡವನ್ನು ಸ್ವಲ್ಪ ತಡೆದರೆ 4, ಪೂರ್ತಿ ಬಲವಿದ್ದರೆ 5. ಒಟ್ಟು 60. 48ಕ್ಕಿಂತ ಕಡಿಮೆ ಬಂದರೆ ಐಸಿಯು ದೌರ್ಬಲ್ಯ, 36ಕ್ಕಿಂತ ಕಡಿಮೆಯಾದರೆ ತೀವ್ರ. ತರಬೇತಾದ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್‌ಗೆ ಹತ್ತು ನಿಮಿಷದ ಕೆಲಸ.

ಈ ದೌರ್ಬಲ್ಯ ಎರಡೂ ಬದಿಗೆ ಸಮನಾಗಿರುತ್ತದೆ, ಮುಖದ ಬಲ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಒಂದೇ ಬದಿ ಬಿದ್ದಿದ್ದರೆ ಪಾರ್ಶ್ವವಾಯು ಇರಬಹುದು, ತಲೆಯ ಸ್ಕ್ಯಾನ್ ಆಗಬೇಕು. ಒಂದೇ ಕೈ ಸೋತಿದ್ದರೆ ಬೋರಲು ಮಲಗಿಸಿದಾಗ ಭುಜದ ನರಜಾಲ ಎಳೆದಿರಬಹುದು. ಈ ವ್ಯತ್ಯಾಸ ಯಾರೂ ಬರೆದುಕೊಡದ ಕಾರಣಕ್ಕೆ ಊರಿನಲ್ಲಿ ‘ಲಕ್ವ ಹೊಡೆದಿದೆ’ ಎಂದು ಎಣ್ಣೆ ತಿಕ್ಕಿಸುವವರೂ, ‘ನಿಶ್ಶಕ್ತಿ’ ಎಂದು ಎರಡು ಬಾಟಲಿ ಗ್ಲೂಕೋಸ್ ಹಾಕಿಸುವವರೂ ಸಿಗುತ್ತಾರೆ. ಬಾಟಲಿಯಿಂದ ಹೋಗುವುದು ದುಡ್ಡು ಮಾತ್ರ.

ಬೋರಲು ಮಲಗಿಸುವ ವಿಷಯಕ್ಕೆ ಬಂದರೆ, ದಿನಕ್ಕೆ 16 ಗಂಟೆ ಹಾಗೆ ಇಡುವುದು ಶ್ವಾಸಕೋಶಕ್ಕೆ ಒಳ್ಳೆಯದು. ನರಗಳಿಗೆ ಕಾವಲು ಬೇಕು. ಒಂದು ತೋಳು ಮೇಲೆ, ಒಂದು ಕೆಳಗೆ, ಮುಖ ಮೇಲಿನ ತೋಳಿನ ಕಡೆ. ಎರಡು ಗಂಟೆಗೊಮ್ಮೆ ಬದಿ ಬದಲಾಗಬೇಕು. ಭುಜ 90 ಡಿಗ್ರಿ ದಾಟಬಾರದು, ಮೊಣಕೈಯ ಒಳಬದಿ ಗಟ್ಟಿ ಹಾಸಿನ ಮೇಲೆ ಒತ್ತಬಾರದು. ಮುಂಗಾಲ ಕೆಳಗೆ ದಿಂಬಿಟ್ಟರೆ ಪಾದ ಹಾಸಿಗೆಗೆ ಒತ್ತಿ ಬಾಗುವುದಿಲ್ಲ. ಅಂಗಾತ ಮಲಗಿರುವವರ ಕಾಲು ಹೊರಗೆ ಹೊರಳದಂತೆಯೂ ದಿಂಬು ಬೇಕು. ಮೊಣಕಾಲಿನ ಹೊರಬದಿಯ ಮೂಳೆಗುಬ್ಬಿಯ ಮೇಲೆ ಹಾದುಹೋಗುವ ನರ ಒತ್ತಿದರೆ ಪಾದ ಜೋಲುತ್ತದೆ, ಆಮೇಲೆ ನಡೆಯುವಾಗ ಹೆಬ್ಬೆರಳು ನೆಲಕ್ಕೆ ಎಡವುತ್ತದೆ. ಒಂದು ಹಾಸಿಗೆಗೆ ಆರು ದಿಂಬು ಬೇಕು. ಆಸ್ಪತ್ರೆಯ ಬೇಡಿಕೆ ಪಟ್ಟಿಯಲ್ಲಿ (ಇಂಡೆಂಟ್) ಸಾಮಾನ್ಯವಾಗಿ ಒಂದೇ ಇರುತ್ತದೆ.

ಊಟದ ಲೆಕ್ಕವೂ ನೋಡಿ. ಐಸಿಯು ರೋಗಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕು ಎಂಬುದು ಒಪ್ಪಿದ ಅಳತೆ. 60 ಕಿಲೋ ಇರುವವರಿಗೆ 72 ಗ್ರಾಂ ಆಯಿತು. ಮೂಗಿನ ನಳಿಕೆಯಲ್ಲಿ ರಾಗಿ ಗಂಜಿ ಹಾಕುತ್ತೇವೆ. 50 ಗ್ರಾಂ ಹಿಟ್ಟಿನಲ್ಲಿ ಪ್ರೋಟೀನ್ ಸಿಗುವುದು ನಾಲ್ಕು ಗ್ರಾಂಗಿಂತ ಕಡಿಮೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಲೀಟರ್ ಹಾಲಿನಲ್ಲಿ 30 ಗ್ರಾಂ ಚಿಲ್ಲರೆ. ರಾಗಿ ನಮ್ಮ ಹೆಮ್ಮೆ ನಿಜ, ಆದರೆ ಬರೀ ಗಂಜಿಯಿಂದ ಸ್ನಾಯು ಉಳಿಯದು. ಹಾಲಿಗೂ ಹಾಲಿನ ಪುಡಿಗೂ ಬರವಿಲ್ಲದ ಜಿಲ್ಲೆ ನಮ್ಮದು. ಆಹಾರ ತಜ್ಞರು ಕಿಡ್ನಿ, ಸಕ್ಕರೆ ನೋಡಿಕೊಂಡು ಪ್ರಮಾಣ ಬರೆದರೆ ಅಡುಗೆಮನೆಯಲ್ಲೇ ಸರಿಹೋಗುತ್ತದೆ. ಸಕ್ಕರೆ 140ರಿಂದ 180ರ ನಡುವೆ ಇರಬೇಕು. ಇನ್ನೂ ಬಿಗಿಹಿಡಿಯಲು ಹೋದರೆ ಸಕ್ಕರೆ ಕುಸಿದು ಅಪಾಯ ಹೆಚ್ಚುತ್ತದೆ ಎಂಬುದು 2009ರಲ್ಲೇ ಗೊತ್ತಾಗಿದೆ.

ಇನ್ನು ಎಬ್ಬಿಸುವುದು. ನಿದ್ರೆಯ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ನೋಡಬೇಕು. ವೆಂಟಿಲೇಟರ್ ಕೊಡುವ ಆಮ್ಲಜನಕ ಶೇ 60ರೊಳಗೆ, ಅದರ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ) ಒತ್ತಡ 10ರೊಳಗೆ, ಉಸಿರು ನಿಮಿಷಕ್ಕೆ 30ರೊಳಗೆ ಇದ್ದರೆ ಉಸಿರಿನ ನಳಿಕೆ ಇದ್ದಂತೆಯೇ ಹಾಸಿಗೆಯ ಅಂಚಿಗೆ ಕೂರಿಸಬಹುದು. ಇದಕ್ಕೆ ಮೂವರು ಬೇಕು: ಒಬ್ಬರು ನಳಿಕೆಗೆ, ಇಬ್ಬರು ರೋಗಿಗೆ. ರಕ್ತದ ಆಮ್ಲಜನಕದ ಮಟ್ಟ ಶೇ 88ಕ್ಕೆ ಇಳಿದರೆ ಅಲ್ಲಿಗೇ ನಿಲ್ಲಿಸಬೇಕು. ಹಾಗೆಂದು ಉತ್ಸಾಹಕ್ಕೂ ಮಿತಿಯಿದೆ. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ವಾಡಿಕೆಗಿಂತ ಹೆಚ್ಚು ವ್ಯಾಯಾಮ ಮಾಡಿಸಿದರೆ ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಾದವು. ಆದರೆ ಅಲ್ಲಿನ ವಾಡಿಕೆಯಲ್ಲೇ ಫಿಸಿಯೋಥೆರಪಿ ಸೇರಿತ್ತು ಎಂಬುದನ್ನು ಮರೆಯಬಾರದು. ನಾವು ಕೇಳುತ್ತಿರುವುದು ಆ ವಾಡಿಕೆಯನ್ನು, ಭಾನುವಾರವೂ ಸೇರಿದಂತೆ.

ಉಸಿರಿನ ನಳಿಕೆ ತೆಗೆದ ಮೇಲೆ ಗಂಟಲಿನ ಸ್ನಾಯುವೂ ಸೋತಿರುತ್ತದೆ. ಮೊದಲ ದಿನವೇ ಕಾಫಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಮತ್ತೆ ನ್ಯುಮೋನಿಯಾ. ಮೊದಲು ಚಮಚದಲ್ಲಿ ನೀರು, ಕೆಮ್ಮು ಬಾರದಿದ್ದರೆ 90 ಮಿಲಿ ಲೀಟರ್ ಒಂದೇ ಸಮನೆ ಕುಡಿಸಿ ನೋಡುವುದು ಕ್ರಮ. ಮಾತು, ನುಂಗುವಿಕೆಯ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಪಕ್ಕದ ಮೈಸೂರಿನಲ್ಲೇ ಇದೆ. ಒಪ್ಪಂದಕ್ಕೆ ಒಂದು ಪತ್ರ ಸಾಕು.

ಮನೆಗೆ ಹೋದ ಮೇಲಿನದೇ ದೊಡ್ಡ ಪಾಡು. ಸ್ನಾಯು ವಾರ, ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಹಾಗಾಗಿ ಪಾದಕ್ಕೆ ಬಲ ಬರುವುದು ಕೊನೆಗೆ. ತೊಡೆಗೆ 3 ಅಂಕ ಬಂದವರು ಬಸ್ಸಿನ ಮೊದಲ ಮೆಟ್ಟಿಲು ಹತ್ತಲಾರರು, ಕುಕ್ಕರಗಾಲಿನ ಕಕ್ಕಸಿನಿಂದ ಏಳಲಾರರು. ಕೆ.ಆರ್. ಪೇಟೆಯಿಂದಲೋ ಮಳವಳ್ಳಿಯಿಂದಲೋ ವಾರಕ್ಕೆರಡು ಸಲ ಮಂಡ್ಯಕ್ಕೆ ಬನ್ನಿ ಎಂದರೆ ಬರುವುದಿಲ್ಲ.

ಸಚಿವರೇ, ತಮಗೇ ಬರೆಯಲು ಕಾರಣ ಇಲ್ಲಿದೆ. ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಇರುವುದು ವೈದ್ಯಕೀಯ ಶಿಕ್ಷಣ ಇಲಾಖೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳು ಆರೋಗ್ಯ ಇಲಾಖೆಯಲ್ಲಿ. ರೋಗಿ ಐಸಿಯುನಿಂದ ಊರಿಗೆ ಹೋಗುವಾಗ ಒಂದು ಇಲಾಖೆಯ ಕೈ ಬಿಟ್ಟು ಇನ್ನೊಂದರ ಕೈಗೆ ಸೇರದೆ ನಡುವೆ ಉಳಿಯುತ್ತಾರೆ. ಎರಡನ್ನೂ ಒಂದೇ ಸಭೆಯಲ್ಲಿ ಕೂರಿಸಲು ಜಿಲ್ಲೆಯಲ್ಲಿ ತಮಗೆ ಸಾಧ್ಯ. ಆ ಸಭೆಯಲ್ಲಿ ಡಿಸ್ಚಾರ್ಜ್ ಕಾರ್ಡಿಗೆ 60ರಲ್ಲಿ ಎಷ್ಟು ಎಂಬ ಒಂದು ಸಾಲು ಸೇರಿಸಿ. 48ಕ್ಕಿಂತ ಕಡಿಮೆ ಇರುವವರ ಹೆಸರು ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಲಿ. ತಾಲ್ಲೂಕಿಗೊಬ್ಬ ಫಿಸಿಯೋಥೆರಪಿಸ್ಟ್ ವಾರಕ್ಕೊಂದು ದಿನ ಮನೆಗಳಿಗೆ ಹೋಗಲಿ. ಆಶಾ ಕಾರ್ಯಕರ್ತೆಯರಿಗೆ ಒಂದೇ ಪರೀಕ್ಷೆ ಕಲಿಸಿದರೆ ಸಾಕು: ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ವರದಿ ಮಾಡಬೇಕು. ವಾಕರ್, ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್, ಕಮೋಡ್ ಕುರ್ಚಿ, ಇವನ್ನು ತಾಲ್ಲೂಕು ಆಸ್ಪತ್ರೆಯಿಂದ ಎರವಲು ಕೊಟ್ಟು ವಾಪಸ್ ಪಡೆಯುವ ಪುಸ್ತಕವೊಂದು ಇಡಿಸಿ.

ಅಂಕ ಬರೆಯುವ ಅರ್ಧ ಪುಟದ ಕನ್ನಡ ನಮೂನೆ ನಮ್ಮಲ್ಲಿ ಸಿದ್ಧವಿದೆ. ನರ್ಸ್‌ಗಳಿಗೆ ತರಬೇತಿ ಕೊಡಲು ನಾವು ಸಂಭಾವನೆ ಇಲ್ಲದೆ ಬರುತ್ತೇವೆ, ದಿನ ತಿಳಿಸಿ.

ಇಂತಿ,
ಮಂಡ್ಯ ಮತ್ತು ಮೈಸೂರಿನ ತೀವ್ರ ನಿಗಾ ಘಟಕಗಳಲ್ಲಿ ದುಡಿಯುವ ಫಿಸಿಯೋಥೆರಪಿಸ್ಟ್‌ಗಳು ಮತ್ತು ಶುಶ್ರೂಷಾ ಸಿಬ್ಬಂದಿ